ಕಾಲ್ಬೆರಳು ಕದಲಿದ ಕ್ಷಣ: ‘ಲಾಸ್ಟ್’ ಧಾರಾವಾಹಿಯ ಒಂದು ಕಂತಿನ ಸುತ್ತ ಓದುಗರ ಪ್ರಶ್ನೆಗಳು

ನಿರ್ಜನವೆಂದು ತೋರುವ ದ್ವೀಪವೊಂದರಲ್ಲಿ ಸಿಕ್ಕಿಬಿದ್ದ ವಿಮಾನ ಪ್ರಯಾಣಿಕರ ಕಥೆಯಾದ ‘ಲಾಸ್ಟ್’ ಧಾರಾವಾಹಿಯನ್ನು ಈಗ ಮೊದಲ ಬಾರಿಗೆ ನೋಡುತ್ತಿರುವ ಓದುಗರಿಂದ ಹಲವು ಪತ್ರಗಳು ಬಂದಿವೆ. ಅವುಗಳಲ್ಲಿ ಹೆಚ್ಚಿನವು ಒಂದೇ ಕಂತಿನ ಬಗ್ಗೆ ಕೇಳುತ್ತವೆ. ಅದು ಮೊದಲ ಸೀಸನ್ನಿನ ನಾಲ್ಕನೆಯ ಕಂತು, ‘ವಾಕಬೌಟ್’. ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಆ ಕಂತನ್ನು ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸಿ, ನೋಡಿ ಬಂದ ಮೇಲೆ ಓದುವುದನ್ನು ಮುಂದುವರಿಸುವುದು ಒಳ್ಳೆಯದು. ಗುಟ್ಟು ಬಿಟ್ಟುಕೊಡದೆ ಈ ಪ್ರಶ್ನೆಗಳಿಗೆ ಉತ್ತರ ಹೇಳಲು ಬರುವುದಿಲ್ಲ.

ಪ್ರಶ್ನೆ: ದ್ವೀಪದಲ್ಲಿ ಚಾಕು ಹಿಡಿದು ಕಾಡುಹಂದಿ ಬೇಟೆಗೆ ಹೊರಡುವ ಜಾನ್ ಲಾಕ್, ವಿಮಾನ ಬೀಳುವ ಕ್ಷಣದವರೆಗೂ ಗಾಲಿಕುರ್ಚಿಯಲ್ಲಿ ಕುಳಿತಿದ್ದವನು ಎಂಬುದು ಕಂತಿನ ಕೊನೆಯಲ್ಲಷ್ಟೇ ತಿಳಿಯುತ್ತದೆ. ಅಷ್ಟು ಹೊತ್ತು ಅದನ್ನು ಬೇಕೆಂದೇ ಮುಚ್ಚಿಟ್ಟು ಕೊನೆಗೆ ಬೆಚ್ಚಿಬೀಳಿಸುವುದು ಪ್ರೇಕ್ಷಕರಿಗೆ ಮಾಡಿದ ಮೋಸವಲ್ಲವೇ?

ಉತ್ತರ: ಮೊದಲ ಬಾರಿ ನೋಡಿದಾಗ ನನಗೂ ಹಾಗೇ ಅನ್ನಿಸಿತ್ತು. ಎರಡನೆಯ ಬಾರಿ ನೋಡಿದ ಮೇಲೆ ಆ ಆರೋಪವನ್ನು ಹಿಂತೆಗೆದುಕೊಂಡೆ. ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಧಾರಾವಾಹಿ ಅಮೆರಿಕದ ಎಬಿಸಿ ವಾಹಿನಿಯಲ್ಲಿ ಆರಂಭವಾದದ್ದು 2004ರ ಸೆಪ್ಟೆಂಬರ್ 22ರಂದು. ಸಿಡ್ನಿಯಿಂದ ಲಾಸ್ ಏಂಜಲೀಸ್‌ಗೆ ಹೊರಟ ಓಶಿಯಾನಿಕ್ ಸಂಸ್ಥೆಯ 815ನೆಯ ವಿಮಾನ ಆಕಾಶದಲ್ಲೇ ತುಂಡಾಗಿ ಬೀಳುತ್ತದೆ. ಅದರ ನಡುಭಾಗದಲ್ಲಿದ್ದ 48 ಮಂದಿ ಕಡಲ ದಂಡೆಯಲ್ಲಿ ಬದುಕುಳಿಯುತ್ತಾರೆ. ದ್ವೀಪದ ಕಥೆ ಮುಂದಕ್ಕೆ ಸಾಗುತ್ತಿರುವಂತೆಯೇ ಒಂದೊಂದು ಕಂತು ಒಬ್ಬೊಬ್ಬರ ಹಿಂದಿನ ಬದುಕನ್ನು ತುಣುಕು ತುಣುಕಾಗಿ ತೋರಿಸುತ್ತದೆ. ಅದೇ ವರ್ಷ ಅಕ್ಟೋಬರ್ 13ರಂದು ಪ್ರಸಾರವಾದ ‘ವಾಕಬೌಟ್’ ಲಾಕ್‌ನ ಸರದಿ. ಬರೆದವರು ಡೇವಿಡ್ ಫ್ಯೂರಿ, ನಿರ್ದೇಶಿಸಿದವರು ಜಾಕ್ ಬೆಂಡರ್, ಲಾಕ್‌ನ ಪಾತ್ರಧಾರಿ ಟೆರ‍್ರಿ ಓಕ್ವಿನ್.

ಈಗ ಕಂತಿನ ಮೊದಲ ಅರ್ಧ ನಿಮಿಷವನ್ನು ನೆನಪಿಸಿಕೊಳ್ಳಿ. ತೆರೆಯ ತುಂಬ ಒಂದು ಕಣ್ಣು ತೆರೆದುಕೊಳ್ಳುತ್ತದೆ. ಸುತ್ತಲೂ ಚೀರಾಟ, ಹೊಗೆ, ಲೋಹ ಮುರಿಯುವ ಸದ್ದು. ನೆಲದ ಮೇಲೆ ಅಂಗಾತ ಬಿದ್ದಿರುವ ಲಾಕ್ ತನ್ನ ಪಾದಗಳ ಕಡೆ ನೋಡುತ್ತಾನೆ. ಒಂದು ಕಾಲಿನ ಬೂಟು ಕಳಚಿಹೋಗಿದೆ, ಆ ಕಾಲಿನ ಬೆರಳುಗಳು ಕದಲುತ್ತವೆ. ಅಷ್ಟೇ. ಪ್ರಶ್ನೆ ಏನೆಂದು ಗೊತ್ತಾಗುವ ಮೊದಲೇ ಕಂತು ಉತ್ತರವನ್ನು ನಮ್ಮ ಮುಂದಿಟ್ಟಿದೆ. ವಿಮಾನ ದುರಂತದಿಂದ ಎಚ್ಚೆತ್ತ ಯಾರೇ ಆದರೂ ಕೈಕಾಲು ಸರಿಯಾಗಿವೆಯೇ ಎಂದು ನೋಡಿಕೊಳ್ಳುವುದು ಸಹಜ ಎಂದುಕೊಂಡು ನಾವು ಮುಂದೆ ಹೋಗುತ್ತೇವೆ. ಹಾಗೆ ಅಂದುಕೊಂಡದ್ದು ನಾವು. ಕಂತು ಹಾಗೆಂದು ಎಲ್ಲಿಯೂ ಹೇಳಲಿಲ್ಲ.

ಅವನ ಹಿಂದಿನ ಬದುಕಿನ ದೃಶ್ಯಗಳು ಮುಖ್ಯವಾಗಿ ನಾಲ್ಕು. ಮೊದಲನೆಯದರಲ್ಲಿ, ರಟ್ಟಿನ ಪೆಟ್ಟಿಗೆ ತಯಾರಿಸುವ ಕಂಪನಿಯ ಕಚೇರಿಯಲ್ಲಿ ಅವನ ಮೇಜಿನ ಫೋನು ಮೊಳಗುತ್ತದೆ, ಆ ಕಡೆಯ ದನಿ ಅವನನ್ನು ಕರ್ನಲ್ ಎಂದು ಕರೆದು ಏನೋ ಕಾರ್ಯಾಚರಣೆಯ ಮಾತಾಡುತ್ತದೆ. ಎರಡನೆಯದರಲ್ಲಿ ಅವನು ಬಿಡುವಿನ ಕೋಣೆಯಲ್ಲಿ ಸಹೋದ್ಯೋಗಿಯೊಬ್ಬನ ಜತೆ ಯುದ್ಧದ ಆಟ ಆಡುತ್ತಿರುತ್ತಾನೆ. ರ‍್ಯಾಂಡಿ ಎಂಬ ಮೇಲಧಿಕಾರಿ ಬಂದು ಅಣಕಿಸುತ್ತಾನೆ. ಮೂರನೆಯದರಲ್ಲಿ ಮನೆಯ ಹಾಸಿಗೆಯಲ್ಲಿ ಮಲಗಿ, ಹೆಲೆನ್ ಎಂದು ತಾನು ಕರೆಯುವ ಹೆಂಗಸಿನೊಂದಿಗೆ ಫೋನಿನಲ್ಲಿ ಮಾತಾಡುತ್ತಾನೆ. ಆಕೆ ಹಣ ತೆಗೆದುಕೊಂಡು ಮಾತಾಡುವವಳು, ಗ್ರಾಹಕರನ್ನು ಭೇಟಿಯಾಗುವಂತಿಲ್ಲ. ನಾಲ್ಕನೆಯದು ಆಸ್ಟ್ರೇಲಿಯಾದ ಪ್ರವಾಸ ಕಚೇರಿ. ನಾಲ್ಕರಲ್ಲಿಯೂ ಅವನು ಕುಳಿತಿದ್ದಾನೆ ಅಥವಾ ಮಲಗಿದ್ದಾನೆ. ರ‍್ಯಾಂಡಿ ನಿಂತು ಮಾತಾಡುತ್ತಾನೆ, ಓಡಾಡುತ್ತಾನೆ, ಮೇಜಿನ ಮೇಲೆ ಬಾಗುತ್ತಾನೆ. ಲಾಕ್ ಒಮ್ಮೆಯೂ ಏಳುವುದಿಲ್ಲ. ಕ್ಯಾಮೆರಾ ಅವನ ಎದೆಮಟ್ಟದಲ್ಲಿ ನಿಂತಿದೆ, ಮೇಜು ಉಳಿದದ್ದನ್ನು ಮರೆಮಾಡಿದೆ. ಮನೆಯ ದೃಶ್ಯದಲ್ಲಂತೂ ಸ್ನಾಯುಗಳಿಗೆ ಸಣ್ಣ ವಿದ್ಯುತ್ ಪ್ರಚೋದನೆ ಕೊಡುವ ಯಂತ್ರವೇ ಅವನ ಪಕ್ಕದಲ್ಲಿದೆ.

ಇವೆಲ್ಲಕ್ಕಿಂತ ನನಗೆ ಹಿಡಿಸಿದ ಜಾಣ್ಮೆ ಆ ‘ಕರ್ನಲ್’ ಎಂಬ ಸಂಬೋಧನೆಯದು. ದ್ವೀಪದಲ್ಲಿ ಪೆಟ್ಟಿಗೆ ತುಂಬ ಚಾಕುಗಳನ್ನು ತೆರೆದಿಟ್ಟು, ಒಂದನ್ನು ಗುರಿಯಿಟ್ಟು ಎಸೆದು ತೋರಿಸುವ ಈ ಮನುಷ್ಯ ಸೈನ್ಯದವನಿರಬೇಕು ಎಂದು ನಾವು ಊಹಿಸುತ್ತಿರುವಾಗಲೇ ಆ ಮಾತು ಬರುತ್ತದೆ, ಊಹೆ ಗಟ್ಟಿಯಾಗುತ್ತದೆ. ಕೆಲವೇ ನಿಮಿಷಗಳಲ್ಲಿ ಅದು ಊಟದ ಬಿಡುವಿನ ಆಟದ ಹೆಸರೆಂದು ತಿಳಿದು ನಾವು ನಗುತ್ತೇವೆ. ‘ಓಹೋ, ಈ ಕಂತಿನ ತಿರುವು ಇದೇ, ವೀರನೆಂದುಕೊಂಡವನು ಗುಮಾಸ್ತ’ ಎಂದು ಲೆಕ್ಕ ಮುಗಿಸಿಬಿಡುತ್ತೇವೆ. ದೊಡ್ಡ ಗುಟ್ಟನ್ನು ಕಾಯಲು ಚಿಕ್ಕ ಗುಟ್ಟೊಂದನ್ನು ಬಲಿ ಕೊಟ್ಟಿದ್ದಾರೆ. ಒಮ್ಮೆ ಬೇಸ್ತುಬಿದ್ದವನು ಅದೇ ಹಾದಿಯಲ್ಲಿ ಇನ್ನೊಂದು ಗುಂಡಿ ಇರಬಹುದೆಂದು ಶಂಕಿಸುವುದಿಲ್ಲ.

ಮೋಸ ಎನ್ನಬೇಕಾದರೆ ಕಥೆ ಸುಳ್ಳು ಹೇಳಿರಬೇಕು. ಲಾಕ್ ನಡೆಯುವುದನ್ನು ಹಳೆಯ ಬದುಕಿನ ದೃಶ್ಯದಲ್ಲಿ ಒಂದು ಬಾರಿ ತೋರಿಸಿದ್ದರೂ ನಿಮ್ಮ ಆರೋಪ ನಿಲ್ಲುತ್ತಿತ್ತು. ಇಲ್ಲಿ ಹಾಗೆ ಆಗಿಲ್ಲ. ದ್ವೀಪದಲ್ಲಿ ನಡೆದಾಡುವವನನ್ನು ಮೂರು ಕಂತುಗಳಿಂದ ಕಂಡಿದ್ದರಿಂದ, ಮೊದಲೂ ಹೀಗೆಯೇ ನಡೆದಾಡುತ್ತಿದ್ದ ಎಂದು ನಾವೇ ತುಂಬಿಕೊಂಡೆವು. ನನ್ನ ಮಟ್ಟಿಗೆ ಇದು ನ್ಯಾಯವಾದ ಆಟ.

ಪ್ರಶ್ನೆ: ಎರಡೂ ಕಾಲಿಲ್ಲದೆ ಎವರೆಸ್ಟ್ ಏರಿದ ವ್ಯಕ್ತಿಯ ಬಗ್ಗೆ ಲಾಕ್ ತನ್ನ ಮೇಲಧಿಕಾರಿಗೆ ಹೇಳುತ್ತಾನೆ. ಅಂಥವರು ನಿಜವಾಗಿಯೂ ಇದ್ದರೇ?

ಉತ್ತರ: ವ್ಯಕ್ತಿ ನಿಜ, ಎವರೆಸ್ಟ್ ನಿಜವಲ್ಲ. ಲಾಕ್ ಹೆಸರಿಸುವ ನಾರ್ಮನ್ ಕ್ರೌಚರ್ ಎರಡೂ ಕಾಲುಗಳನ್ನು ಕಳೆದುಕೊಂಡ ಬ್ರಿಟನ್ನಿನ ಪರ್ವತಾರೋಹಿ. ಕೃತಕ ಕಾಲುಗಳಿಂದಲೇ ಅನೇಕ ಎತ್ತರದ ಶಿಖರಗಳನ್ನು ಏರಿದವರು. ಆದರೆ ಎರಡೂ ಕಾಲಿಲ್ಲದೆ ಎವರೆಸ್ಟ್ ಶಿಖರ ಮುಟ್ಟಿದ ಮೊದಲಿಗರು ನ್ಯೂಜಿಲೆಂಡಿನ ಮಾರ್ಕ್ ಇಂಗ್ಲಿಸ್, ಅದು 2006ರಲ್ಲಿ. ಕಂತು ಪ್ರಸಾರವಾದ 2004ರಲ್ಲಿ ಆ ಸಾಧನೆ ಇನ್ನೂ ಆಗಿರಲಿಲ್ಲ.

ಇದು ಬರಹಗಾರರ ಕೈತಪ್ಪು ಎಂದು ಬಿಡಬಹುದು. ಆದರೂ ಲಾಕ್‌ನಂಥವನು ತನಗೆ ಬೇಕಾದ ಕಥೆಯನ್ನು ಬೇಕಾದಷ್ಟು ಎತ್ತರಕ್ಕೆ ಏರಿಸಿಕೊಂಡಿರಬಹುದಲ್ಲ ಎಂದು ಯೋಚಿಸಿದರೆ ತಪ್ಪೂ ಪಾತ್ರಕ್ಕೆ ಒಪ್ಪುವಂತಿದೆ. ಗಮನಿಸಬೇಕಾದದ್ದು ಇನ್ನೊಂದು. ಲೋಕದಲ್ಲಿ ಸಾಹಸಿಗಳಿಗೆ ಬರವಿಲ್ಲ, ಅಷ್ಟು ಜನರಲ್ಲಿ ಅವನು ಆರಿಸಿಕೊಂಡದ್ದು ಕಾಲಿಲ್ಲದವನನ್ನು. ಮೇಲಧಿಕಾರಿಯ ಕುಹಕಕ್ಕೆ ಕೊಟ್ಟ ಉತ್ತರದಲ್ಲಿಯೇ ಅವನ ಸ್ಥಿತಿ ಬಯಲಾಗಿದೆ. ಮೊದಲ ನೋಟದಲ್ಲಿ ಅದು ಹಟದ ಮಾತಾಗಿ ಕೇಳಿಸುತ್ತದೆ, ಎರಡನೆಯ ನೋಟದಲ್ಲಿ ಬೇಡಿಕೆಯಾಗಿ.

ಪ್ರಶ್ನೆ: ‘ವಾಕಬೌಟ್’ ಎಂದರೆ ನಿಖರವಾಗಿ ಏನು? ಅದು ಆಸ್ಟ್ರೇಲಿಯಾದ ಮೂಲನಿವಾಸಿಗಳ ವ್ರತವೇ?

ಉತ್ತರ: ಪದ ಮೂಲನಿವಾಸಿಗಳ ಭಾಷೆಯದಲ್ಲ, ಅಲ್ಲಿಗೆ ವಲಸೆ ಬಂದವರ ಇಂಗ್ಲಿಷಿನಲ್ಲಿ ಹುಟ್ಟಿದ್ದು. ಜಾನುವಾರು ಸಾಕಣೆಯ ದೊಡ್ಡ ಜಮೀನುಗಳಲ್ಲಿ ದುಡಿಯುತ್ತಿದ್ದ ಮೂಲನಿವಾಸಿಗಳು ತಮ್ಮ ಬಂಧುಗಳನ್ನು ಕಾಣಲು, ಆಚರಣೆಗಳಲ್ಲಿ ಪಾಲ್ಗೊಳ್ಳಲು, ತಮ್ಮ ನೆಲದ ಹೊಣೆಗಳನ್ನು ನಿರ್ವಹಿಸಲು ಕೆಲಸ ಬಿಟ್ಟು ಹೊರಟುಹೋದಾಗ, ಅವರ ಉದ್ದೇಶ ಅರ್ಥವಾಗದ ಮಾಲೀಕರು ಅದನ್ನು ಸುಮ್ಮನೆ ಅಲೆಯಲು ಹೋದದ್ದೆಂದು ಈ ಹೆಸರಿನಿಂದ ಕರೆದರು. ಹೇಳದೆ ಕೇಳದೆ ಕೆಲಸಕ್ಕೆ ಚಕ್ಕರ್ ಹೊಡೆಯುವವನು ಎಂಬ ತಾತ್ಸಾರವೂ ಅದಕ್ಕೆ ಅಂಟಿಕೊಂಡಿತು. ಹದಿಹರೆಯದ ಹುಡುಗರು ಕಾಡಿನಲ್ಲಿ ಒಂಟಿಯಾಗಿ ಬದುಕಿ ಗಂಡಸುತನವನ್ನು ಸಾಧಿಸುವ ವಿಧಿ ಎಂಬ ಅರ್ಥವೇ ಹೊರಗಿನ ಜನರಲ್ಲಿ ಹೆಚ್ಚು ಪ್ರಚಾರ ಪಡೆದಿದೆ. ಯುರೋಪಿನವರು 1788ರಲ್ಲಿ ನೆಲೆಯೂರುವ ಹೊತ್ತಿಗೆ ಆ ಖಂಡದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಅಷ್ಟು ಸಮುದಾಯಗಳ ನಡೆನುಡಿಯನ್ನು ಒಂದೇ ಪದದಲ್ಲಿ ಕಟ್ಟಿಹಾಕಲಾಗದು ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು.

ಲಾಕ್‌ಗೆ ಇದೊಂದೂ ಗೊತ್ತಿಲ್ಲ. ಅವನ ಬಳಿ ಇರುವುದು ಪ್ರವಾಸ ಸಂಸ್ಥೆಯ ಕರಪತ್ರ. ಭೂಮಿಯಿಂದ ಶಕ್ತಿ ಪಡೆದು ಅದರೊಂದಿಗೆ ಒಂದಾಗುವ ಆತ್ಮಶೋಧನೆಯ ಯಾತ್ರೆ ಎಂಬ ಅರ್ಥದ ಮಾತುಗಳು ಅದರಲ್ಲಿವೆ, ಅವನಿಗೆ ಅವು ಬಾಯಿಪಾಠವಾಗಿವೆ. ಅಂಥ ಒಂಟಿ ಯಾತ್ರೆಗೆ ಕಚೇರಿಯ ಮುಂದೆ ಬಸ್ಸು ಕಾಯುತ್ತಿರುತ್ತದೆ, ಟಿಕೆಟ್ ಇರುತ್ತದೆ, ಹೊರಡುವ ವೇಳೆ ನಿಗದಿಯಾಗಿರುತ್ತದೆ. ಕಂತು ಇದನ್ನು ಎಲ್ಲಿಯೂ ಬಾಯಿಬಿಟ್ಟು ಲೇವಡಿ ಮಾಡುವುದಿಲ್ಲ. ಹಣ ಕೊಟ್ಟರೂ ಆ ಬಸ್ಸು ಹತ್ತಲು ಬಿಡದ ಮನುಷ್ಯನಿಗೆ ಕೊನೆಗೆ ಬಸ್ಸಿಲ್ಲದ, ಟಿಕೆಟ್ಟಿಲ್ಲದ, ಹೊರಡುವ ವೇಳೆಯನ್ನು ಯಾರೂ ಹೇಳದ ಯಾತ್ರೆಯೇ ದೊರಕುತ್ತದೆ. ಶೀರ್ಷಿಕೆಯ ವ್ಯಂಗ್ಯವಿರುವುದು ಅಲ್ಲಿ.

ಪ್ರಶ್ನೆ: ನಾಲ್ಕು ವರ್ಷ ಕಾಲಿನ ಸ್ವಾಧೀನವಿಲ್ಲದವನು ವಿಮಾನ ಬಿದ್ದ ಏಟಿಗೆ ಎದ್ದು ನಿಲ್ಲುವುದು ವೈದ್ಯಕೀಯವಾಗಿ ಸಾಧ್ಯವೇ? ಯಾವುದಾದರೂ ವಿವರಣೆ ಇದೆಯೇ?

ಉತ್ತರ: ಕಂತಿನಲ್ಲಿ ತೋರಿಸಿದಂತೆ ಸಾಧ್ಯವಿಲ್ಲ. ಕೈಬೆರಳಿಗೆ ಪೆಟ್ಟಾಗಿ ಅಲ್ಲಿನ ನರ ತುಂಡಾದರೆ, ಅನುಕೂಲಕರ ಸ್ಥಿತಿಯಲ್ಲಿ ಅದರ ತಂತುಗಳು ದಿನಕ್ಕೆ ಸುಮಾರು 1 ಮಿಲಿಮೀಟರ್‌ನಂತೆ ಮತ್ತೆ ಬೆಳೆಯುತ್ತವೆ. ಮಿದುಳು ಮತ್ತು ಬೆನ್ನುಹುರಿಯೊಳಗಿನ ತಂತುಗಳಿಗೆ ವಯಸ್ಕರಲ್ಲಿ ಈ ಭಾಗ್ಯವಿಲ್ಲ. ಗಾಯವಾದ ಜಾಗದಲ್ಲಿ ಕಟ್ಟುವ ಕಲೆ, ತಂತುಗಳ ಸುತ್ತಲಿನ ಹೊದಿಕೆಯಲ್ಲಿರುವ ಕೆಲವು ಪ್ರೋಟೀನುಗಳು ಹೊಸ ಬೆಳವಣಿಗೆಯನ್ನು ತಡೆಯುತ್ತವೆ. ಬೆನ್ನುಹುರಿಗೆ ಪೆಟ್ಟಾದ ಕೂಡಲೇ ಕೆಲ ದಿನ ಅಥವಾ ವಾರಗಳ ಮಟ್ಟಿಗೆ ಕೆಳಗಿನ ಅಂಗಗಳು ಪೂರ್ತಿ ಸ್ತಬ್ಧವಾಗಿ, ಆಮೇಲೆ ಒಂದಿಷ್ಟು ಚೇತರಿಕೆ ಕಾಣುವುದುಂಟು. ನಾಲ್ಕು ವರ್ಷವಾದ ಮೇಲೆ ಆ ಲೆಕ್ಕ ನಡೆಯುವುದಿಲ್ಲ.

ಒಂದು ವೇಳೆ ನರದ ಸಂಪರ್ಕ ಪವಾಡದಂತೆ ಮರಳಿತು ಎಂದೇ ಇಟ್ಟುಕೊಳ್ಳೋಣ. ಆಗಲೂ ತಕ್ಷಣ ಎದ್ದು ಓಡಲಾಗದು. ನಾಲ್ಕು ವರ್ಷ ಬಳಸದ ತೊಡೆ, ಮೀನಖಂಡದ ಸ್ನಾಯುಗಳು ಬಡಕಲಾಗಿರುತ್ತವೆ. ಭಾರ ಹೊರದ ಮೂಳೆಗಳು ಸುಣ್ಣದಂಶ ಕಳೆದುಕೊಂಡು ಸುಲಭವಾಗಿ ಮುರಿಯುವಂತಾಗಿರುತ್ತವೆ. ಕೀಲುಗಳು ಬಿಗಿದುಕೊಂಡಿರುತ್ತವೆ. ನೆಟ್ಟಗೆ ನಿಂತರೆ ರಕ್ತದೊತ್ತಡ ಕುಸಿದು ಕಣ್ಣು ಕತ್ತಲೆ ಬರುತ್ತದೆ. ಮನೆಯ ದೃಶ್ಯದಲ್ಲಿ ಕಾಣುವ ವಿದ್ಯುತ್ ಪ್ರಚೋದಕ ಯಂತ್ರ ಸ್ನಾಯುಗಳ ಕ್ಷಯವನ್ನು ಸ್ವಲ್ಪ ತಡೆಯಬಲ್ಲದೇ ಹೊರತು ದಟ್ಟ ಕಾಡಿನಲ್ಲಿ ಹಂದಿ ಅಟ್ಟಿಸಿಕೊಂಡು ಹೋಗುವ ಶಕ್ತಿಯನ್ನು ಉಳಿಸಿಕೊಡುವುದಿಲ್ಲ.

ವಿಜ್ಞಾನದಲ್ಲಿ ಹತ್ತಿರದ ಸಂಗತಿ ಇಲ್ಲವೆಂದಲ್ಲ. 2018ರಲ್ಲಿ ಅಮೆರಿಕದ ಹಾಗೂ ಸ್ವಿಟ್ಜರ್ಲೆಂಡಿನ ಸಂಶೋಧಕರು ಬೆನ್ನುಹುರಿಯ ಕೆಳಭಾಗದ ಮೇಲೆ ವಿದ್ಯುತ್ ಪ್ರಚೋದಕವನ್ನು ಕಸಿ ಮಾಡಿ, ದೀರ್ಘಕಾಲದ ತರಬೇತಿಯ ನೆರವಿನಿಂದ ಕೆಲವರು ಹೆಜ್ಜೆ ಹಾಕುವಂತೆ ಮಾಡಿದ್ದನ್ನು ಪ್ರಕಟಿಸಿದರು. ಅವು ಬೆವರು ಸುರಿಸಿ ಗಳಿಸಿದ ಹೆಜ್ಜೆಗಳು, ಆಸರೆ ಹಿಡಿದು ಇಟ್ಟವು.

ಆ ಕಾಲದ ಅಮೆರಿಕದ ಪ್ರೇಕ್ಷಕರು ಈ ದೃಶ್ಯವನ್ನು ಯಾವ ಮನಸ್ಥಿತಿಯಲ್ಲಿ ನೋಡಿರಬಹುದು ಎಂಬುದಕ್ಕೆ ಒಂದು ಕಾಕತಾಳೀಯ ಸಂಗತಿಯಿದೆ. ಸೂಪರ್‌ಮ್ಯಾನ್ ಪಾತ್ರದಿಂದ ಹೆಸರಾಗಿದ್ದ ನಟ ಕ್ರಿಸ್ಟೋಫರ್ ರೀವ್ 1995ರಲ್ಲಿ ಕುದುರೆಯಿಂದ ಬಿದ್ದು ಕತ್ತಿನಿಂದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದರು. ಮತ್ತೆ ನಡೆಯುತ್ತೇನೆಂದು ಅವರು ಪಟ್ಟುಹಿಡಿದಿದ್ದರು. ಬೆನ್ನುಹುರಿಯ ಸಂಶೋಧನೆಗಾಗಿ ವರ್ಷಗಟ್ಟಲೆ ದನಿಯೆತ್ತಿದ್ದರು. ಅವರು ತೀರಿಕೊಂಡದ್ದು 2004ರ ಅಕ್ಟೋಬರ್ 10ರಂದು, ಅಂದರೆ ‘ವಾಕಬೌಟ್’ ಪ್ರಸಾರಕ್ಕೆ ಮೂರು ದಿನ ಮೊದಲು.

ಧಾರಾವಾಹಿಯೊಳಗಿನ ವಿವರಣೆ ಕೇಳಿದ್ದೀರಿ. ದ್ವೀಪಕ್ಕೆ ಗುಣಪಡಿಸುವ ಶಕ್ತಿಯಿದೆ ಎಂಬುದರ ಮೊದಲ ಸುಳಿವು ಇದು. ಈ ಕಂತು ಅದಕ್ಕಿಂತ ಹೆಚ್ಚು ಹೇಳುವುದಿಲ್ಲ. ಲಾಕ್‌ಗೆ ಪೆಟ್ಟಾದದ್ದು ಹೇಗೆ ಎಂಬುದು ಮೂರನೆಯ ಸೀಸನ್ನಿನಲ್ಲಿ, 2007ರ ಮಾರ್ಚ್‌ನಲ್ಲಿ ಪ್ರಸಾರವಾದ ಕಂತಿನಲ್ಲಿ ತಿಳಿಯುತ್ತದೆ. ಅದನ್ನು ಇಲ್ಲಿ ಬರೆದರೆ ನೀವು ನನ್ನನ್ನು ಕ್ಷಮಿಸಲಾರಿರಿ.

ಪ್ರಶ್ನೆ: ಸತ್ತವರನ್ನು ಹೂಳದೆ ವಿಮಾನದ ಸಮೇತ ಸುಡಬೇಕೆಂದು ವೈದ್ಯನಾದ ಜಾಕ್ ತೀರ್ಮಾನಿಸುತ್ತಾನೆ. ಇದು ಕ್ರೂರವಲ್ಲವೇ? ಶವಗಳಿಂದ ರೋಗ ಹರಡುತ್ತದೆ ಎಂಬ ಭಯದಿಂದ ಹಾಗೆ ಮಾಡಿದನೇ?

ಉತ್ತರ: ಮೊದಲು ಭಯದ ವಿಷಯ. ಭೂಕಂಪ, ಪ್ರವಾಹ, ವಿಮಾನ ಅಪಘಾತಗಳಲ್ಲಿ ಸತ್ತವರು ಪೆಟ್ಟಿನಿಂದ ಸತ್ತಿರುತ್ತಾರೆಯೇ ಹೊರತು ಸಾಂಕ್ರಾಮಿಕ ರೋಗದಿಂದಲ್ಲ. ಅವರ ದೇಹಗಳಿಂದ ಸಾಮಾನ್ಯವಾಗಿ ರೋಗ ಹಬ್ಬುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲೇ ಬಂದಿದೆ. ಜಾಕ್‌ನನ್ನು ಕಾಡಿದ್ದು ಕಣ್ಣೆದುರಿನ ಕಾರಣ. ರಾತ್ರಿ ವಿಮಾನದ ಒಡಲಿನೊಳಗೆ ಸದ್ದು ಕೇಳಿ ಎಲ್ಲರೂ ಯಾರೋ ಬದುಕಿದ್ದಾರೆಂದುಕೊಳ್ಳುತ್ತಾರೆ. ದೀಪ ಬಿಟ್ಟು ನೋಡಿದರೆ ಶವಗಳಿಗೆ ಬಾಯಿ ಹಾಕಿರುವ ಕಾಡುಹಂದಿಗಳು. ಹೂತರೆ ಅವು ಕೆದಕಿ ತೆಗೆಯುತ್ತವೆ. ಸುಡುವ ಬೆಂಕಿ ದೂರದ ಹಡಗಿಗೋ ವಿಮಾನಕ್ಕೋ ಕಂಡರೂ ಕಾಣಬಹುದು.

ಕ್ರೂರವೇ ಎಂಬುದು ಬೇರೆ ಪ್ರಶ್ನೆ, ಅದನ್ನು ಕಂತಿನೊಳಗೆ ಇರಾಕಿನ ಸಯೀದ್ ಕೇಳುತ್ತಾನೆ: ಸತ್ತವರ ಇಚ್ಛೆ ಏನಿತ್ತು, ಅವರ ಧರ್ಮ ಯಾವುದು ಎಂದು ನೋಡದೆ ಸುಡುವುದೇ? ಒಬ್ಬೊಬ್ಬರ ದೇವರನ್ನು ವಿಂಗಡಿಸಿಕೊಂಡು ಕೂರಲು ಸಮಯವಿಲ್ಲ ಎಂಬ ಧಾಟಿಯಲ್ಲಿ ಜಾಕ್ ಉತ್ತರಿಸುತ್ತಾನೆ. ಇಬ್ಬರ ಮಾತೂ ಸರಿ. ನನ್ನ ಒಲವು ಸಯೀದನ ಕಡೆಗೆ, ಆದರೆ ಆ ದಂಡೆಯಲ್ಲಿ ನಾನಿದ್ದಿದ್ದರೆ ಜಾಕ್ ಹೇಳಿದಂತೆಯೇ ಮಾಡುತ್ತಿದ್ದೆನೇನೋ.

ಕಂತು ಈ ಜಗಳವನ್ನು ತೀರ್ಪಿಲ್ಲದೆ ಬಿಟ್ಟು ಕ್ಲೇರ್ ಕಡೆಗೆ ತಿರುಗುತ್ತದೆ. ತುಂಬು ಗರ್ಭಿಣಿಯಾದ ಆಕೆ ಸತ್ತವರ ಪಾಸ್‌ಪೋರ್ಟು, ಚಾಲನಾ ಪರವಾನಗಿ, ಕಾಗದ ಪತ್ರಗಳನ್ನು ಕಲೆಹಾಕಿ, ಬೆಂಕಿ ಹಚ್ಚಿದ ಮೇಲೆ ಒಂದೊಂದೇ ಹೆಸರನ್ನು ಓದುತ್ತಾಳೆ. ಆಕೆಗೆ ಗೊತ್ತಿರುವುದು ಕಾಗದ ಹೇಳಿದಷ್ಟೇ: ಇಂಥವರು ಇಂಥ ಊರಿನವರು, ಕನ್ನಡಕ ಹಾಕಿಕೊಳ್ಳುತ್ತಿದ್ದರು. ಗುಣಗಾನವಿಲ್ಲ, ಪ್ರಾರ್ಥನೆಯಿಲ್ಲ. ಕನ್ನಡಕ ಹಾಕಿಕೊಳ್ಳುತ್ತಿದ್ದರು ಎಂಬ ಸರಕಾರಿ ವಿವರವೊಂದು ಶ್ರದ್ಧಾಂಜಲಿಯಾಗಿ ಬಿಡುವುದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಎಲ್ಲರೂ ಲಾಕ್‌ನ ಗಾಲಿಕುರ್ಚಿಯ ಬಗ್ಗೆ ಬರೆಯುತ್ತಾರೆ. ಈ ದೃಶ್ಯದ ಬಗ್ಗೆ ಕೇಳಿದವರು ನೀವೊಬ್ಬರೇ.

ಪ್ರಶ್ನೆ: ದಂಡೆಯಲ್ಲಿ ಬಿದ್ದಿರುವ ವಿಮಾನ ಗ್ರಾಫಿಕ್ಸೇ? ಚಿತ್ರೀಕರಣ ನಡೆದದ್ದು ಎಲ್ಲಿ?

ಉತ್ತರ: ನಿಜವಾದ ವಿಮಾನ. ಸೇವೆಯಿಂದ ನಿವೃತ್ತವಾಗಿದ್ದ ಲಾಕ್‌ಹೀಡ್ ಎಲ್-1011 ವಿಮಾನವೊಂದನ್ನು ಕೊಂಡು, ತುಂಡು ಮಾಡಿ, ಹವಾಯಿಯ ಒವಾಹು ದ್ವೀಪಕ್ಕೆ ಸಾಗಿಸಿ, ಉತ್ತರ ತೀರದ ಮೊಕುಲೇಯ ಕಡಲ ದಂಡೆಯಲ್ಲಿ ಹರಡಿದ್ದರು. ಕಥೆಯಲ್ಲಿ ಮಾತ್ರ ಅದು ಬೋಯಿಂಗ್ 777. ಸಂಗೀತ ನಿರ್ದೇಶಕ ಮೈಕೇಲ್ ಜಿಯಾಕಿನೊ ಆ ವಿಮಾನದ ಲೋಹದ ಚೂರುಗಳನ್ನೇ ತಾಳವಾದ್ಯವಾಗಿ ಬಡಿಸಿ ಹಿನ್ನೆಲೆ ಸಂಗೀತಕ್ಕೆ ಬಳಸಿಕೊಂಡರು. ಕಾಡಿನಿಂದ ಬರುವ ಆ ಕರ್ಕಶ ಟಣಟಣ ಸದ್ದನ್ನು ಇನ್ನೊಮ್ಮೆ ಕೇಳುವಾಗ ಇದು ನೆನಪಿರಲಿ.

ಪ್ರಶ್ನೆ: ಜಾನ್ ಲಾಕ್ ಎಂಬ ಹೆಸರು ತತ್ವಜ್ಞಾನಿಯದಲ್ಲವೇ?

ಉತ್ತರ: ಹೌದು, 1632ರಿಂದ 1704ರವರೆಗೆ ಬದುಕಿದ್ದ ಇಂಗ್ಲೆಂಡಿನ ತತ್ವಜ್ಞಾನಿಯದೇ. ಹುಟ್ಟುವಾಗ ಮನುಷ್ಯನ ಮನಸ್ಸು ಏನೂ ಬರೆಯದ ಹಾಳೆಯಂತೆ ಎಂಬುದು ಅವರ ಪ್ರಸಿದ್ಧ ವಾದ. ಇದರ ಹಿಂದಿನ, ಮೂರನೆಯ ಕಂತಿನ ಶೀರ್ಷಿಕೆ ‘ಟ್ಯಾಬ್ಯುಲಾ ರಾಸಾ’ ಎಂದರೂ ಅಳಿಸಿದ ಹಲಗೆ ಎಂದೇ ಅರ್ಥ. ಅಲ್ಲಿಂದ ಮುಂದೆ ಹೆಸರಿಗೆ ಹೆಚ್ಚು ಜೋತುಬೀಳಬೇಡಿ. ತತ್ವಜ್ಞಾನಿ ಲಾಕ್ ಅನುಭವವನ್ನೂ ವಿವೇಚನೆಯನ್ನೂ ನೆಚ್ಚಿದವರು. ದ್ವೀಪದ ಲಾಕ್ ನೆಚ್ಚುವುದು ವಿಧಿಯನ್ನು.

ಪ್ರಶ್ನೆ: ಬೇಟೆಯಲ್ಲಿ ಎಲ್ಲರೂ ಹೆದರಿ ಓಡುವ ಆ ಕಾಣದ ಪ್ರಾಣಿ ಲಾಕ್‌ಗೆ ಎದುರಾಗುತ್ತದೆ. ಆದರೆ ಮರಳಿ ಬಂದು, ಏನೂ ಕಾಣಲಿಲ್ಲ ಎನ್ನುತ್ತಾನೆ. ಕಾಲು ಬಂದ ವಿಷಯವನ್ನೂ ಯಾರಿಗೂ ಹೇಳುವುದಿಲ್ಲ. ಇಷ್ಟು ದೊಡ್ಡ ಸಂತೋಷವನ್ನು ಒಬ್ಬ ಮನುಷ್ಯ ಯಾಕೆ ಬಚ್ಚಿಡುತ್ತಾನೆ?

ಉತ್ತರ: ಬಂದ ಪತ್ರಗಳಲ್ಲೆಲ್ಲ ನನ್ನನ್ನು ಹೆಚ್ಚು ಹೊತ್ತು ಕೂರಿಸಿದ ಪ್ರಶ್ನೆ ಇದು. ಬೇಟೆಯ ದಿನ ಅವನ ಜತೆ ಸಹಪ್ರಯಾಣಿಕರಾದ ಕೇಟ್ ಮತ್ತು ಮೈಕೇಲ್ ಹೋಗಿರುತ್ತಾರೆ. ಹಂದಿ ನುಗ್ಗಿ ಮೈಕೇಲನ ಕಾಲಿಗೆ ಗಾಯವಾಗುತ್ತದೆ, ಲಾಕ್ ಅಂಗಾತ ಬೀಳುತ್ತಾನೆ. ಬಿದ್ದವನು ಏಳುವ ಮೊದಲು ಕೆಲವು ಕ್ಷಣ ತನ್ನ ಪಾದಗಳನ್ನೇ ದಿಟ್ಟಿಸುತ್ತಾನೆ. ಮೊದಲ ಬಾರಿ ನೋಡುವವರಿಗೆ ಅದು ಏಟಿನ ಮಂಪರು. ಗುಟ್ಟು ತಿಳಿದು ನೋಡಿದರೆ ಇಡೀ ಕಂತಿನ ಅತಿ ಭಯಾನಕ ಕ್ಷಣ ಅದು, ಮರಗಳನ್ನು ಅಲುಗಿಸುತ್ತ ಬರುವ ಪ್ರಾಣಿಯದಲ್ಲ. ಕೊಟ್ಟದ್ದನ್ನು ಮರಳಿ ಕಿತ್ತುಕೊಂಡರೇ ಎಂದು ಅವನು ಪರೀಕ್ಷಿಸುತ್ತಿದ್ದಾನೆ. ಬೆರಳು ಕದಲಿದ ಮೇಲೆ ಇಬ್ಬರನ್ನೂ ಹಿಂದಕ್ಕೆ ಕಳಿಸಿ ಒಬ್ಬನೇ ಮುಂದೆ ಹೋಗುತ್ತಾನೆ.

ಪ್ರವಾಸ ಕಚೇರಿಯ ದೃಶ್ಯದಲ್ಲಿ ಅವನನ್ನು ತಡೆಯುವವನು ಕೆಟ್ಟವನಲ್ಲ. ನಿಮ್ಮ ಸ್ಥಿತಿಯನ್ನು ನಮಗೆ ತಿಳಿಸಲಿಲ್ಲ, ಕಾಡಿನಲ್ಲಿ ದಿನಗಟ್ಟಲೆ ನಡೆಯುವ ಪ್ರವಾಸವಿದು, ನಿಮ್ಮನ್ನು ಸಿಡ್ನಿಗೆ ಮರಳಿಸುವ ಖರ್ಚು ನಮ್ಮದು ಎನ್ನುತ್ತಾನೆ. ಮಾತು ಸೌಜನ್ಯದ್ದು, ಲೆಕ್ಕ ಸರಿಯಾದದ್ದು. ನಾಲ್ಕು ವರ್ಷದಿಂದ ಲಾಕ್ ಕೇಳಿಸಿಕೊಂಡಿರುವುದು ಇಂಥ ಸೌಜನ್ಯವನ್ನೇ. ನನ್ನಿಂದ ಏನಾಗದು ಎಂದು ನನಗೆ ಹೇಳಬೇಡಿ ಎಂದು ಅವನು ಕೂಗುವುದು ಹೊರಟುಹೋಗುತ್ತಿರುವ ಬಸ್ಸಿನ ಹಿಂದೆ. ತನ್ನ ದೇಹದ ಸ್ಥಿತಿ ಇನ್ನೊಬ್ಬರಿಗೆ ಗೊತ್ತಾದ ಕೂಡಲೇ ಅದರ ಮೇಲಿನ ಅಧಿಕಾರ ಅವರ ಕೈಗೆ ಹೋಗುತ್ತದೆ ಎಂಬುದನ್ನು ಕಲಿತವನು, ದೇಹ ಸರಿಹೋದಾಗಲೂ ಬಾಯಿ ಬಿಡುವುದಿಲ್ಲ. ಹೇಳಿದರೆ ನಂಬದವರಿರುತ್ತಾರೆ. ನಂಬಿದವರು ಹುಷಾರು, ಜಾಸ್ತಿ ನಡೆಯಬೇಡಿ ಎನ್ನುತ್ತಾರೆ, ಬೇಟೆಗೆ ಬೇರೆಯವರನ್ನು ಕಳಿಸುತ್ತಾರೆ.

ಕಾಣದ ಪ್ರಾಣಿಯ ವಿಷಯವೂ ಇದೇ. ಕ್ಯಾಮೆರಾ ಆ ಪ್ರಾಣಿಯ ಕಣ್ಣಾಗಿ ಮೇಲಿನಿಂದ ಅವನನ್ನು ನೋಡುತ್ತದೆ, ಅವನು ತಲೆಯೆತ್ತಿ ನಿಂತಿರುತ್ತಾನೆ. ಆಮೇಲೆ ಮೈಯೆಲ್ಲ ರಕ್ತವಾಗಿ, ಸತ್ತ ಹಂದಿಯನ್ನು ಎಳೆದುಕೊಂಡು ಬಂದವನನ್ನು ಮೈಕೇಲ್ ಕೇಳಿದಾಗ ಇಲ್ಲ ಎನ್ನುತ್ತಾನೆ. ಮುಂದಿನ ಕಂತಿನಲ್ಲಿ ಜಾಕ್‌ನ ಮುಂದೆ ಮಾತ್ರ, ಈ ದ್ವೀಪದ ಕಣ್ಣಿನೊಳಗೆ ನೋಡಿದ್ದೇನೆ, ಕಂಡದ್ದು ಸುಂದರವಾಗಿತ್ತು ಎಂಬರ್ಥದ ಮಾತಾಡುತ್ತಾನೆ. ಆದರೂ ಕಾಲಿನ ವಿಷಯಕ್ಕೆ ಬರುವುದಿಲ್ಲ.

ಜಾಕ್‌ನಿಗೂ ಹೇಳದಿರುವುದನ್ನು ನೀವು ಒಂದು ಹಳೆಯ ವಿವರದ ಜತೆ ಜೋಡಿಸಿ ನೋಡಬೇಕು. ಜಾಕ್ ಬರಿಯ ವೈದ್ಯನಲ್ಲ, ಬೆನ್ನುಹುರಿಯ ಶಸ್ತ್ರಚಿಕಿತ್ಸಕ. ಮೊದಲ ಕಂತಿನಲ್ಲಿಯೇ, ಜಾಕ್‌ನ ಗಾಯವನ್ನು ಕೇಟ್ ಹೊಲಿಯುವಾಗ ಅವನು, ಹುಡುಗಿಯೊಬ್ಬಳ ಬೆನ್ನಿನ ಶಸ್ತ್ರಚಿಕಿತ್ಸೆಯ ವೇಳೆ ತನ್ನನ್ನು ಹಿಡಿದ ಭಯದ ಕಥೆ ಹೇಳುತ್ತಾನೆ. ಲಾಕ್‌ನ ಮೈಯಲ್ಲಿ ನಡೆದದ್ದು ಎಂಥ ಅಸಾಧ್ಯವೆಂದು ಆ ದಂಡೆಯಲ್ಲಿ ಸರಿಯಾಗಿ ಅಳೆಯಬಲ್ಲವನು ಅವನೊಬ್ಬನೇ. ಅಂಥವನಿಗೆ ಹೇಳಿದರೆ ಅದು ಪವಾಡವಾಗಿ ಉಳಿಯುವುದಿಲ್ಲ, ಪರೀಕ್ಷೆ ಮಾಡಬೇಕಾದ ಪ್ರಕರಣವಾಗುತ್ತದೆ.

ಈಗ ಕಂತಿನ ಕೊನೆಯ ಭಾಗಕ್ಕೆ ಮತ್ತೆ ಹೋಗಿ. ವಿಮಾನ ಬಿದ್ದ ಗಳಿಗೆ. ಕಾಲ್ಬೆರಳು ಕದಲಿದ್ದನ್ನು ಕಂಡ ಲಾಕ್ ನಂಬಲಾರದೆ ನೆಲದ ಮೇಲಿದ್ದಾನೆ. ಸ್ವಲ್ಪ ದೂರದಲ್ಲಿ ಅವಶೇಷದಡಿ ಕಾಲು ಸಿಕ್ಕಿಕೊಂಡ ಒಬ್ಬನನ್ನು ಎಳೆಯಲು ಹೆಣಗುತ್ತಿರುವ ಜಾಕ್ ಇವನತ್ತ ತಿರುಗಿ, ನೀವು, ಇಲ್ಲಿ ಬನ್ನಿ, ಕೈ ಹಚ್ಚಿ ಎಂದು ಕೂಗುತ್ತಾನೆ. ನಾಲ್ಕು ವರ್ಷದಲ್ಲಿ ಅವನಿಗೆ ಯಾರೂ ಹಾಗೆ ಹೇಳಿರಲಿಕ್ಕಿಲ್ಲ. ಕೂಗಿದವನಿಗೆ ಅವನ ಬಗ್ಗೆ ಏನೂ ಗೊತ್ತಿರಲಿಲ್ಲ. ಲಾಕ್ ಎದ್ದು ನಿಂತು, ತಡವರಿಸುತ್ತ ಆ ಕಡೆ ಹೋಗುತ್ತಾನೆ.